1928ರ ಫ್ರೆಂಚ್ ಮಿಲ್ಟ್ರಿ ಕಾಮಿಡಿ, ನಮ್ಮೂರ ಮಾಳಿಗಿ, ಒಂದು ಮೈಕು: ಮೂಕಿ ಸಿನಿಮಾಕ್ಕ ಮಾತು ಹೇಳೋದು ಹೆಂಗ

ಮೊದಲ ಹೇಳಿಬಿಡ್ತೀನಿ, ಇದು ಸಬ್‌ಟೈಟಲ್ ಹಾಕೋ ಗೈಡ್ ಅಲ್ಲ. ಮೂಕಿ ಸಿನಿಮಾಕ್ಕ ಕನ್ನಡ ಅಕ್ಷರ ಅಂಟಿಸಿದ್ರ ಓದಾಕ ಬರೋರು ಓದ್ತಾರ, ಮುಂದ ಚಾಪಿ ಮ್ಯಾಲೆ ಕುಂತ ಸಣ್ಣ ಹುಡುಗ್ರು, ಕನ್ನಡಕ ಮನ್ಯಾಗ ಬಿಟ್ಟು ಬಂದ ಅಜ್ಜ, ಇವ್ರೆಲ್ಲ "ಏನಂದಪಾ ಅಂವ, ಏನಂದ" ಅಂತ ಪಕ್ಕದವ್ರನ್ನ ಕೇಳ್ಕೋತ ಕುಂದರ್ತಾರ, ಅಲ್ಲಿಗೆ ಕಾಮಿಡಿ ಸತ್ತಂಗ. ಅದಕ್ಕ ನಾ ಹೇಳೋದು, ಒಬ್ರು ಮೈಕ್ ಹಿಡ್ಕೊಂಡು ಪರದಿ ಪಕ್ಕ ನಿಂತು ನಮ್ಮ ಗಂಗಾವತಿ ಕಡಿ ಮಾತಿನಾಗ ಕತಿ ಹೇಳ್ರಿ. ಬಯಲಾಟದಾಗ ಸಾರಥಿ ಮಾಡ್ತಾನಲ್ಲ, ಅದ ಕೆಲಸ. ಜಪಾನಿನಾಗ ಇದಕ್ಕ ಬೆನ್ಶಿ ಅಂತ ಸಂಬಳದ ಮಂದಿನ ಇದ್ರು, ಮೂಕಿ ಕಾಲದಾಗ ಹೀರೋಗಿಂತ ಅವ್ರಿಗೆ ಹೆಸರು ಇರ್ತಿತ್ತು. ನಮಗೇನು ಇದು ಹೊಸಾದು ಅಲ್ಲ ಬಿಡ್ರಿ, ಪರದಿ ಹಿಂದ ದೀಪ ಇಟ್ಟು ತೊಗಲು ಗೊಂಬಿ ಆಡಿಸಿ ರಾತ್ರಿಪೂರ್ತಿ ಮಾತು ಹೇಳೋ ಮಂದಿ ನಮ್ಮ ಜಿಲ್ಲೆದಾಗ ಇನ್ನೂ ಅದಾರ, ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವ್ರಿಗೆ 2025ರಾಗ ಪದ್ಮಶ್ರೀನೂ ಬಂತು.

ಸಿನಿಮಾ ಯಾವ್ದು ಅಂದ್ರ ಜ್ಯಾನ್ ರೆನ್ವಾರ್ 1928ರಾಗ ಮಾಡಿದ "ಟೀರ್ ಓ ಫ್ಲಾಂ" (Tire-au-flanc). ಹುಡುಕಾಕ ಡೈರೆಕ್ಟರ್ ಹೆಸರು, ಇಸವಿ ಎರಡೂ ಹಾಕ್ರಿ, ಇಲ್ಲಾಂದ್ರ ಬ್ಯಾರೆ ಸಿನಿಮಾ ಸಿಗ್ತೈತಿ, ಯಾಕಂದ್ರ ಇದರ ಮೂಲ 1904ರ ಒಂದು ನಾಟಕ, ಅದು ಫ್ರಾನ್ಸಿನಾಗ ಎಷ್ಟು ಓಡ್ತು ಅಂದ್ರ ಅದ ಹೆಸರಿನಾಗ 1933, 1950, 1961 ಹಿಂಗ ಮತ್ತ ಮತ್ತ ಸಿನಿಮಾ ಮಾಡಿದ್ರು. ನಮಗ ಬೇಕಾದ್ದು 1928ರ ಮೂಕಿ. ರೆನ್ವಾರ್ ಅಂದ್ರ ಪೇಂಟರ್ ಒಗುಸ್ತ್ ರೆನ್ವಾರ್ ಮಗ, ಮುಂದ "ದಿ ರಿವರ್" ಅಂತ ಸಿನಿಮಾ ಮಾಡಾಕ ಬಂಗಾಲಕ್ಕ ಬಂದಿದ್ದ, ಅವಾಗ ಇನ್ನೂ ಸಿನಿಮಾ ಮಾಡಿರದ ಸತ್ಯಜಿತ್ ರೇ ಅಂವನ್ನ ಭೇಟಿ ಆಗಿದ್ರು. ಇದನ್ನ ಮಂದಿಗೆ ಒಂದು ಮಾತು ಹೇಳ್ರಿ, ಯಾರೋ ದೂರದ ಮನಷ್ಯಾ ಅನ್ನಿಸೋದಿಲ್ಲ.

ಕತಿ ಭಾಳ ಸರಳ ಐತಿ. ಸಾಹುಕಾರ ಮನಿ ಹುಡುಗ, ಕವಿತೆ ಬರಿಯೋ ಮೆತ್ತನ ಮನಷ್ಯಾ, ಹೆಸರು ಜ್ಯಾನ್ ದ್ಯೂಬ್ವಾ ದೋಂಬೆಲ್, ಅವಂಗ ಮಿಲ್ಟ್ರಿಗೆ ಕರಿ ಬರ್ತೈತಿ. ಅವನ ಮನಿ ಆಳು ಜೋಸೆಫಗೂ ಅದ ಹೊತ್ತಿಗೆ ಕರಿ ಬರ್ತೈತಿ. ಮಗನ್ನ ಚೊಲೋ ನೋಡ್ಕೋರಿ ಅಂತ ಮನ್ಯಾಗ ಕರ್ನಲ್ ಸಾಹೇಬನ್ನ ಊಟಕ್ಕ ಕರೀತಾರ, ಜೋಸೆಫನ ಕೈಗುಣಕ್ಕ ಊಟ ಎಕ್ಕುಟ್ಟಿ ಹೋಗ್ತೈತಿ. ಬ್ಯಾರಾಕಿಗೆ ಹೋದ ಮ್ಯಾಲೆ ಆಳು ಮಗ ನೀರಾಗ ಮೀನು ಬಿಟ್ಟಂಗ ಅರಾಮ ಇರ್ತಾನ, ಧಣಿ ಮಾತ್ರ ಎಲ್ಲಾರ ಕೈಯಾಗ ಸಿಕ್ಕು ನರಳ್ತಾನ. ಧಣಿ ಆಳು ಇಬ್ರಿಗೂ ಒಂದ ಥರದ ಅಂಗಿ ಹಾಕಿಸಿದ್ರ ಯಾರು ಧಣಿ ಯಾರು ಆಳು ಅನ್ನೋದ ಇಡೀ ಸಿನಿಮಾದ ನಗು, ಅದನ್ನ ನಮ್ಮೂರಾಗ ಯಾರಿಗೂ ಬಿಡಿಸಿ ಹೇಳೋ ಅಗತ್ಯ ಇಲ್ಲ.

ಈಗ ಕಾನೂನು ಮಾತು, ಬೇಗ ಮುಗಿಸೋಣು. ನಮ್ಮ ದೇಶದಾಗ ಸಿನಿಮಾದ ಕಾಪಿರೈಟ್ ಬಿಡುಗಡಿ ಆದ ಮುಂದಿನ ವರ್ಷದಿಂದ 60 ವರ್ಷ, ಆದ್ರ ನಾಟಕ ಬರೆದವ್ರ ಹಕ್ಕು ಬ್ಯಾರೆ ಲೆಕ್ಕ, ಫ್ರಾನ್ಸಿನಾಗ ಡೈರೆಕ್ಟರ್ ಸತ್ತು 70 ವರ್ಷ ಅನ್ನೋ ಲೆಕ್ಕ ಐತಿ, ರೆನ್ವಾರ್ ಸತ್ತಿದ್ದು 1979ರಾಗ. ಅದೂ ಅಲ್ದ ಸಾರ್ವಜನಿಕವಾಗಿ ಸಿನಿಮಾ ತೋರ್ಸಬೇಕಂದ್ರ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟ್ ಬೇಕಾಗ್ತೈತಿ. ಹಂಗಾಗಿ ಮನಿ ಮಂದಿ, ಗೆಳ್ಯಾರು, ಅಷ್ಟ ಇರ್ಲಿ. ಟಿಕೆಟ್ ಬ್ಯಾಡ, ಬ್ಯಾನರ್ ಬ್ಯಾಡ, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋದಂತೂ ಬ್ಯಾಡ ಬ್ಯಾಡ.

ಸಿನಿಮಾದ ಕಾಪಿ ಸಿಕ್ಕ ಮ್ಯಾಲೆ ಕಂಪ್ಯೂಟರಿನಾಗ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಹಾಕಿ ಮೊದಲ ಎರಡು ವಿಷಯ ನೋಡ್ರಿ. ಒಂದು, ಚಿತ್ರ ಅಗಲಕ್ಕ ಎಳೆದಂಗ ಕಾಣಬಾರ್ದು, ಆ ಕಾಲದ ಫ್ರೇಮು ಹೆಚ್ಚು ಕಡಿಮಿ ಚೌಕ, ನಾಕಕ್ಕ ಮೂರು. ಪ್ರೊಜೆಕ್ಟರು ತಾನ ಎಳದು ಪರದಿ ತುಂಬಿಸಾಕ ನೋಡ್ತೈತಿ, ಎಲ್ಲಾರೂ ಡುಮ್ಮ ಕಾಣ್ತಾರ, ವಿಎಲ್‌ಸಿದಾಗ ಎ ಒತ್ತಿ ಸರಿ ಮಾಡ್ರಿ, ಎರಡೂ ಕಡಿ ಕಪ್ಪು ಪಟ್ಟಿ ಬಂದ್ರ ಬರ್ಲಿ. ಎರಡನೇದು ಸ್ಪೀಡು. ಮೂಕಿ ಸಿನಿಮಾನ ಸೆಕೆಂಡಿಗೆ ಇಷ್ಟ ಫ್ರೇಮು ಅಂತ ಗಟ್ಟಿ ನಿಯಮ ಇಲ್ದ ಕೈಲಿ ತಿರುಗಿಸಿ ತೆಗೀತಿದ್ರು, ಕೆಲವು ಕಾಪಿದಾಗ ಮಂದಿ ಇರುವಿ ಓಡ್ಯಾಡಿದಂಗ ಓಡ್ತಾರ. ಮಿಲ್ಟ್ರಿ ಕಾಮಿಡಿಗೆ ಇದು ಭಾಳ ಕೆಟ್ಟದ್ದು, ಯಾಕಂದ್ರ ಸ್ಪೀಡ್ ಜಾಸ್ತಿ ಆದ್ರ ಎಲ್ಲಾರೂ ನಗೆಗಾರರ ಆಗ್ತಾರ, ಕವಾಯತು ಮಾಡಾಕ ಬರದವ ಯಾರು ಬರೋನು ಯಾರು ಗೊತ್ತಾಗೋದಿಲ್ಲ. ಎಡಗಡಿ ಚೌಕ ಬ್ರಾಕೆಟ್ ಕೀ ಒಂದು ಸಲ ಒತ್ತಿದ್ರ 0.9ಕ್ಕ ಇಳೀತೈತಿ, ಮಂದಿ ನಡಿಗಿ ಸಹಜ ಕಾಣೋತನಕ ಇಳಿಸ್ರಿ, ಈಕ್ವಲ್ ಒತ್ತಿದ್ರ ಮೊದಲಿನಂಗ. ಸೌಂಡ್ ಪೂರ್ತಿ ಮ್ಯೂಟ್, ಕಾಪಿ ಮ್ಯಾಲೆ ಯಾರೋ ಈಚೆಗೆ ಕೂಡ್ಸಿದ ಮ್ಯೂಸಿಕ್ ಇದ್ರ ಅದು ಅವ್ರ ಸೊತ್ತು, ಮತ್ತ ನಿಮ್ಮ ಮಾತಿಗೂ ಅಡ್ಡ ಬರ್ತೈತಿ.

ಈಗ ನಿಜವಾದ ಕೆಲಸ. ನಡುನಡುಕ ಫ್ರೆಂಚ್ ಅಕ್ಷರದ ಬೋರ್ಡು ಬರ್ತಾವು, ಟೈಟಲ್ ಕಾರ್ಡ್ ಅಂತಾರ. ಒಂದೊಂದಕ್ಕೂ ಸಿನಿಮಾ ನಿಲ್ಲಿಸಿ, ಅಕ್ಷರ ಓದಿ ಬ್ಯಾರೆ ಭಾಷೆಗೆ ತಿರುಗಿಸೋ ಗೂಗಲ್ ಲೆನ್ಸ್‌ನ ಫೋನಿನಾಗ ಹಚ್ಚಿ ಹಿಡೀರಿ. ನೇರ ಕನ್ನಡಕ್ಕ ಹಾಕಿದ್ರ ಅದು ಸರಕಾರಿ ಸುತ್ತೋಲೆ ಓದಿದಂಗ ಬರ್ತೈತಿ, ಇಂಗ್ಲಿಷಿಗೆ ಹಾಕಿ ಅರ್ಥ ತಗೊಂಡು ಆಮ್ಯಾಲೆ ನಿಮ್ಮ ಬಾಯಿಂದ ಏನು ಬರ್ತೈತೋ ಅದನ್ನ ಬರೀರಿ. ಒಂದು ದಪ್ಪ ನೋಟ್‌ಬುಕ್ ತಗೊಂಡು ಎಡಕ್ಕ ಟೈಮು, ನಡುಕ ಪರದಿ ಮ್ಯಾಲೆ ಏನು ನಡದೈತಿ, ಬಲಕ್ಕ ನೀವು ಹೇಳೋ ಮಾತು. ಬೋರ್ಡು ನಿಂದ್ರೋದು ಕೆಲವ ಸೆಕೆಂಡು, ಅಷ್ಟರಾಗ ನಿಮ್ಮ ಮಾತು ಮುಗೀಬೇಕು, ಮುಗಿಯಲಿಲ್ಲ ಅಂದ್ರ ಮಾತು ಕತ್ತರಿಸ್ರಿ, ಓಡಿಸಿ ಹೇಳಾಕ ಹೋಗಬ್ಯಾಡ್ರಿ. ಬರೆದಿದ್ದನ್ನ ಸಿನಿಮಾ ಹಚ್ಚಿ ಗಟ್ಟಿಯಾಗಿ ಹೇಳಿ ನೋಡ್ಲಾರ್ದ ಮಂದಿ ಮುಂದ ನಿಂದ್ರಬ್ಯಾಡ್ರಿ, ಮನಸಿನಾಗ ಓದಿದ್ದು ಬ್ಯಾರೆ, ಬಾಯಾಗ ಹೇಳಿದ್ದು ಬ್ಯಾರೆ.

ಹೆಸರುಗಳ ಮ್ಯಾಲೆ ಒದ್ದಾಡಬ್ಯಾಡ್ರಿ. ಧಣಿಗೆ ಕವಿರಾಯ, ಆಳಿಗೆ ಜೋಸೆಫ, ಕರ್ನಲ್ಲಿಗೆ ದೊಡ್ಡ ಸಾಹೇಬ, ಲೆಫ್ಟಿನೆಂಟ್ ದೋಮೆಲ್‌ಗೆ ಸಣ್ಣ ಸಾಹೇಬ. ಹುಡುಗ್ಯಾರಿಬ್ರು, ಸೊಲಾಂಜ್ ಮತ್ತ ಲಿಲಿ, ಇವ್ರ ಹೆಸರು ಮಾತ್ರ ಹಂಗ ಇಡ್ರಿ ಯಾಕಂದ್ರ ಕೊನಿಗೆ ಯಾರಿಗೆ ಯಾರು ಅನ್ನೋದು ತಪ್ಪಬಾರ್ದು.

ನನ್ನ ಪ್ರಕಾರ ಎಲ್ಲಾಕ್ಕಿಂತ ಮುಖ್ಯ ಯಾರಿಗೆ ಯಾವ ಕನ್ನಡ ಕೊಡ್ತೀರಿ ಅನ್ನೋದು. ಕವಿರಾಯ ಪುಸ್ತಕದ ಕನ್ನಡ ಮಾತಾಡ್ಲಿ, "ಅಯ್ಯೋ ಇದೇನಿದು ವಿಧಿಯ ವಿಲಾಸ" ಅನ್ನೋ ಥರ. ಜೋಸೆಫ ನಮ್ಮ ಗಂಜ್‌ದಾಗ ಭತ್ತದ ಚೀಲ ಹೊರೋ ಹುಡುಗ್ರ ಮಾತು ಆಡ್ಲಿ. ದೊಡ್ಡ ಸಾಹೇಬಗ ಏನು ಅನ್ನೋದು ನೀವು ಎಲ್ಲಿ ತೋರ್ಸ್ತೀರಿ ಅನ್ನೋದ್ರ ಮ್ಯಾಲೆ ಐತಿ. ಕೊಪ್ಪಳ ರಾಯಚೂರು ಕಡಿ 1948ರ ತನಕ ನಿಜಾಮನ ಆಡಳಿತ, ಅಜ್ಜಂದಿರಿಗೆ ಇನ್ನೂ ಅಧಿಕಾರ ಅಂದ್ರ ಕಿವ್ಯಾಗ ಉರ್ದುನ, ಅದಕ್ಕ ಸಾಹೇಬ "ಹಾಜರ್ ಆಗೋ, ಹುಕುಂ ಐತಿ, ದಫ್ತರಕ್ಕ ಬಾ" ಅಂತ ಗುಡುಗಿದ್ರ ಅಲ್ಲಿಗ ನಗು. ಬಳ್ಳಾರಿ ಕಡಿ ಮದ್ರಾಸ್ ಪ್ರಾಂತ್ಯ ಇತ್ತು, ಮೈಸೂರಿಗೆ ಸೇರಿದ್ದು 1953ರಾಗ, ಅಲ್ಲಿ ತೆಲುಗು ಬೆರೆಸಿದ ಕನ್ನಡದಾಗ ಇಂಗ್ಲಿಷ್ ಬೈಗುಳ ಬಿಟ್ರ ಜಾಸ್ತಿ ಹತ್ತತೈತಿ, ಕಂಟೋನ್ಮೆಂಟ್ ಅಂತ ಏರಿಯಾನ ಇರೋ ಊರು ಅದು. ಹೆಂಗಸರ ಮಾತಿಗೆ ಹೆಂಗಸರನ್ನ ಕರೀರಿ, ಗಂಡಸರು ಹೆಣ್ಣು ದನಿ ತೆಗೆಯೋದು ಎರಡು ನಿಮಿಷ ಚಂದ, ಆಮ್ಯಾಲೆ ಮಂದಿ ಸಿನಿಮಾ ಬಿಟ್ಟು ನಿಮ್ಮನ್ನ ನೋಡ್ತಾರ. ನಮ್ಮ ಓಣಿ ಅಂಗನವಾಡಿ ಅಕ್ಕಾರು ಕವಿರಾಯನ ಅತ್ತಿ ಪಾರ್ಟಿಗೆ ದನಿ ಕೊಟ್ಟಂಗ ಯಾರೂ ಕೊಡಾಕ ಆಗೋದಿಲ್ಲ, ಅದನ್ನ ಅಲ್ಲಿದ್ದೋರ ಹೇಳ್ಬೇಕು.

ಶುರು ಮಾಡೋಕಿಂತ ಮುಂಚೆ ಎರಡು ಮಾತು ಹೇಳಲೇಬೇಕು, ಇಲ್ಲಾಂದ್ರ ಕತಿ ತಿಳಿಯೋದಿಲ್ಲ. ಮೊದಲನೇದು, ಅಲ್ಲಿ ಮಿಲ್ಟ್ರಿ ಅಂದ್ರ ನೌಕರಿ ಅಲ್ಲ. ನಮ್ಮ ಹುಡುಗ್ರು ಬೆಳಿಗ್ಗೆ ನಾಕಕ್ಕ ಎದ್ದು ಗ್ರೌಂಡ್ ಸುತ್ತಿ, ಅಕಾಡೆಮಿಗೆ ಫೀಸ್ ಕಟ್ಟಿ, ಅಗ್ನಿವೀರ ರ‍್ಯಾಲಿದಾಗ ಎದಿ ಅಳತಿ ಸಾಲಲಿಲ್ಲ ಅಂತ ಅತ್ಗೊಂತ ವಾಪಸ್ ಬರ್ತಾರ, ಅವ್ರಿಗೆ ಮಿಲ್ಟ್ರಿಗೆ ಹೋಗಾಕ ಒಲ್ಲೆ ಅನ್ನೋ ಹೀರೋ ಅಂದ್ರ ಏನೂ ಅರ್ಥ ಆಗೋದಿಲ್ಲ. ಫ್ರಾನ್ಸಿನಾಗ 1905ರ ಕಾಯ್ದೆ ಬಂದ ಮ್ಯಾಲೆ ಸಾಹುಕಾರ ಬಡವ ಅನ್ನಲಾರ್ದ ಹರೇದ ಗಂಡಸ್ರೆಲ್ಲಾರೂ ಎರಡು ವರ್ಷ ಹೋಗಲೇಬೇಕಿತ್ತು, 1913ರಾಗ ಅದು ಮೂರು ವರ್ಷ ಆತು, ಮಹಾಯುದ್ಧದ ನಂತರ ಇಳದು ಇಳದು ಈ ಸಿನಿಮಾ ಬಂದ 1928ರಾಗ ಒಂದು ವರ್ಷಕ್ಕ ಬಂತು. ಕಡ್ಡಾಯ ಅನ್ನೋದು ನಿಂತಿದ್ದು ಈಗೀಗ, ಕೊನೇ ಬ್ಯಾಚಿನವ್ರು ಮನಿಗೆ ಹೋಗಿದ್ದು 2001ರಾಗ. ಅಂದ್ರ ಆ ದೇಶದಾಗ ಅಪ್ಪ, ಅಜ್ಜ, ಮುತ್ಯಾ ಎಲ್ಲಾರಿಗೂ ಬ್ಯಾರಾಕಿನ ಕತಿ ಇದ್ದ ಇರ್ತಿತ್ತು, ಅದಕ್ಕ ಮಿಲ್ಟ್ರಿ ಕಾಮಿಡಿ ಅನ್ನೋದು ಅಲ್ಲಿ ಒಂದು ದೊಡ್ಡ ಜಾತಿ ಸಿನಿಮಾನ ಆಗಿಬಿಡ್ತು. ನಮ್ಮಲ್ಲಿ ಹಾಸ್ಟೆಲ್ ಕತಿ ಹೆಂಗೋ ಹಂಗ.

ಎರಡನೇದು ಗ್ಯಾಸ್ ಮಾಸ್ಕ್. ಸಿನಿಮಾದಾಗ ಒಂದು ಸೀನ್ ಐತಿ, ಸೈನಿಕರಿಗೆಲ್ಲ ವಿಷಗ್ಯಾಸಿನ ಮುಖವಾಡ ಹಾಕ್ಸಿ ಅಡವ್ಯಾಗ ತರಬೇತಿ ಕೊಡ್ತಾರ, ಮುಖವಾಡ ಹಾಕ್ಕೊಂಡೋರಿಗೆ ಕಣ್ಣು ಕಾಣೋದಿಲ್ಲ ಕಿವಿ ಕೇಳೋದಿಲ್ಲ, ದಿಕ್ಕು ತಪ್ಪಿ ಎಲ್ಲೆಲ್ಲೋ ನುಗ್ತಾರ, ಅಲ್ಲಿ ಸಾಲಿ ಹುಡುಗ್ಯಾರು ಬ್ಯಾರೆ ಬಂದಿರ್ತಾರ. ಸುಮ್ಕ ನೋಡಿದ್ರ ಗದ್ದಲದ ಕಾಮಿಡಿ. ಆದ್ರ 1915ರ ಏಪ್ರಿಲ್‌ದಾಗ ಬೆಲ್ಜಿಯಂನ ಈಪ್ರ್ ಹತ್ರ ಜರ್ಮನ್ನರು ಫ್ರೆಂಚ್ ಪಡಿ ಮ್ಯಾಲೆ ಕ್ಲೋರಿನ್ ಗ್ಯಾಸ್ ಬಿಟ್ಟಿದ್ರು, ಯುದ್ಧ ಮುಗದದ್ದು 1918ಕ್ಕ, ಈ ಸಿನಿಮಾ ಬಂದದ್ದು ಅದಾಗಿ ಹತ್ತ ವರ್ಷಕ್ಕ. ಥೇಟರಿನಾಗ ಕುಂತು ನಕ್ಕ ಗಂಡಸ್ರಾಗ ಎಷ್ಟೋ ಮಂದಿ ಆ ಮುಖವಾಡ ಖರೇನ ಹಾಕ್ಕೊಂಡವ್ರು. ರೆನ್ವಾರಂಗೂ 1915ರಾಗ ಕಾಲಿಗೆ ಗುಂಡು ಬಿದ್ದು ಸಾಯೋ ಮಟ ಕುಂಟಿದ. ಇದನ್ನ ಸಿನಿಮಾ ಹಚ್ಚೋಕಿಂತ ಮುಂಚೆ ಹೇಳಿ ಮುಗಿಸ್ರಿ, ಸೀನ್ ಬಂದಾಗ ಹೇಳಬ್ಯಾಡ್ರಿ. ಆ ಸೀನಿನಾಗ ನಿಮ್ಮ ಬಾಯಿ ಬಂದ್, ಮೈಕ್ ಕೆಳಗ.

ಹೌದ್ರಿ, ಈ ಕೆಲಸದಾಗ ಕಲಿಯಾಕ ಕಷ್ಟ ಅಂದ್ರ ಸುಮ್ನಿರೋದ. ಮಾತಾಡೋರಿಗೆ ಮೈಕ್ ಸಿಕ್ರ ಪರದಿ ಮ್ಯಾಲೆ ಕಾಣೋದನ್ನೆಲ್ಲ ಹೇಳಾಕ ಶುರು ಮಾಡ್ತಾರ, "ಈಗ ಜೋಸೆಫ ಬಂದ, ಈಗ ಬಿದ್ದ, ಈಗ ಎದ್ದ". ಬಿದ್ದದ್ದು ಎಲ್ಲಾರಿಗೂ ಕಾಣ್ತೈತಲ್ರೀ. ನೀವು ಹೇಳಬೇಕಾದ್ದು ಕಾಣಲಾರದ್ದನ್ನ: ಸಾಹೇಬ ಏನಂದ, ಪತ್ರದಾಗ ಏನೈತಿ, ಯಾರಿಗೆ ಯಾರ ಮ್ಯಾಲೆ ಮನಸೈತಿ. ಉಳಿದದ್ದು ಆ ಇಬ್ರು ನಟರಿಗೆ ಬಿಡ್ರಿ. ಕವಿರಾಯನ ಪಾರ್ಟು ಮಾಡಿದ ಜಾರ್ಜ್ ಪೊಮಿಯೆಸ್ ಮೂಲತಃ ಡ್ಯಾನ್ಸರು, ಅವನ ಕೈಕಾಲು ನೋಡ್ರಿ, ಸೆಲ್ಯೂಟ್ ಹೊಡೆಯೋದೂ ಕುಣಿದಂಗ ಇರ್ತೈತಿ, ಪಾಪ 1933ರಾಗ ಸಣ್ಣ ವಯಸ್ಸಿನಾಗ ಹೋಗಿಬಿಟ್ಟ. ಜೋಸೆಫ ಆದಾವ ಮಿಷೆಲ್ ಸಿಮೋಂ, 1895ರಾಗ ಜಿನೀವಾದಾಗ ಹುಟ್ಟಿದವ, ಮುಂದ ಫ್ರೆಂಚ್ ಸಿನಿಮಾದ ದೊಡ್ಡ ನಟ ಆದ. ಆ ಮುಖಾನ ಸಾಕು. ಆ ಮುಖದ ಮ್ಯಾಲೆ ಮಾತು ಹಾಕೋದು ಅಂದ್ರ ಮಿರ್ಚಿ ಮ್ಯಾಲೆ ಸಕ್ರಿ ಉದುರಿಸಿದಂಗ.

ಸುಮ್ನಿರಬೇಕಾದ ಇನ್ನೊಂದು ಜಾಗ ಜೈಲಿನ ಸೀನು. ಕವಿರಾಯನ್ನ ಬ್ಯಾರಾಕಿನ ಕೋಣ್ಯಾಗ ಕೂಡಿ ಹಾಕಿರ್ತಾರ, ಕಿಟಕಿಯಿಂದ ನೋಡಿದ್ರ ಹೊರಗ ತಾನು ಪ್ರೀತಿಸೋ ಸೊಲಾಂಜ್ ಸಣ್ಣ ಸಾಹೇಬನ ಜೊತಿ ಅದಾಳ. ಅಲ್ಲಿತನಕ ಕಾಮಿಡಿ ಹೇಳ್ಕೋತ ಬಂದೋರಿಗೆ ಅಲ್ಲೂ ಒಂದು ಜೋಕ್ ಹೊಡಿಬೇಕು ಅನಸ್ತೈತಿ. ಬ್ಯಾಡ. ಈ ಡೈರೆಕ್ಟರ್ ಮುಂದ 1937, 1939ರಾಗ ಮಾಡಿದ ದೊಡ್ಡ ಸಿನಿಮಾಗಳಾಗ ಸೈನಿಕರು, ಧಣಿಗಳು, ಆಳುಗಳು ಇವ್ರ ಸಂಬಂಧಾನ ಎಷ್ಟು ಸೂಕ್ಷ್ಮ ತೋರಿಸಿದ ಅಂತ ಜಗತ್ತು ಹೊಗಳ್ತೈತಿ, ಅದರ ಬೀಜ ಇಲ್ಲಿ ಐತಿ ಅಂತ ನನಗನಸ್ತೈತಿ, ಕಾಮಿಡಿ ನಡುವ ಒಂದ ನಿಮಿಷ ಎಲ್ಲಾ ನಿಂತು ಹೋಗ್ತೈತಿ. ಮಂದಿನೂ ಸುಮ್ಕ ಆಗ್ತಾರ, ನೀವು ಮಾತಾಡಲಿಲ್ಲ ಅಂದ್ರ.

ಜಾಸ್ತಿ ಮಾತು ಬೇಕಾಗೋದು ಶುರುವಿನ ಊಟದ ಸೀನಿಗೆ, ಯಾಕಂದ್ರ ಅಲ್ಲಿ ಒಮ್ಮೆಲೆ ಭಾಳ ಮಂದಿ ಬರ್ತಾರ, ಕ್ಯಾಮೆರಾನೂ ನಿಂತಲ್ಲಿ ನಿಂದ್ರೋದಿಲ್ಲ, ಯಾರು ಅತ್ತಿ, ಯಾರು ಕೆಲಸದಾಕಿ, ಯಾರು ಸಾಹೇಬ ಅನ್ನೋದು ಅಲ್ಲೇ ಕೂತ್ರ ಮುಂದ ಗಾಡಿ ತಾನ ಓಡ್ತೈತಿ. ಕೊನೇ ಹಬ್ಬದ ಸೀನಿಗೂ ಸ್ವಲ್ಪ ಬೇಕು, ರೆಜಿಮೆಂಟಿನಾಗ ಪ್ರೋಗ್ರಾಂ ಇರ್ತೈತಿ, ಕವಿರಾಯ ಮತ್ತ ಜೋಸೆಫ ವೇಷ ಹಾಕಿ ಸ್ಟೇಜ್ ಏರ್ತಾರ, ಮುಂದ ಏನು ಆಗ್ತೈತಿ ಅಂತ ಇಲ್ಲಿ ಹೇಳಿದ್ರ ನಿಮಗ ರಿಹರ್ಸಲ್‌ದಾಗ ಮಜಾ ಹೋಗ್ತೈತಿ. ಎಲ್ಲಾ ಲಗ್ನದಾಗ ಮುಗೀತೈತಿ ಅನ್ನೋದಷ್ಟ ಗೊತ್ತಿರ್ಲಿ.

ಮ್ಯೂಸಿಕ್ಕು. ಹಾರ್ಮೋನಿಯಂ ಮತ್ತ ಢೋಲಕಿ, ಓಣಿ ಭಜನಿ ಮಂಡಳಿಯವ್ರ ಸಾಕು, ಆದ್ರ ಅವ್ರಿಗೆ ಮೊದಲ ಸಿನಿಮಾ ಒಂದು ಸಲ ತೋರಿಸ್ರಿ. ಕವಾಯತಿನ ಸೀನಿಗೆ ಮದುವಿ ಬ್ಯಾಂಡ್ ಸೆಟ್ಟಿನಾಗ ಸೈಡ್ ಡ್ರಮ್ ಹೊಡೆಯೋ ಹುಡುಗನ್ನ ಕರೀರಿ, ಅವನ ಕೆಂಪು ಕೋಟು ಜರಿ ಪಟ್ಟಿ ಟೊಪಗಿ ಹಾಕ್ಕೊಂಡ ಬರಾಕ ಹೇಳ್ರಿ, ಆ ಡ್ರೆಸ್ಸು ಹುಟ್ಟಿದ್ದ ಮಿಲ್ಟ್ರಿ ಬ್ಯಾಂಡಿನಿಂದ ಅಲ್ಲೇನು, ಸರಿಯಾಗಿ ಹೊಂದತೈತಿ. ಫಿಲ್ಮ್ ಹಾಡು ಬಾರಿಸೋದು ಬ್ಯಾಡ, ಒಂದು ಹಾಡು ಶುರುವಾತು ಅಂದ್ರ ಹಿಂದಿನ ಸಾಲಿನವ್ರು ಆ ಹಾಡಿನ ಸಿನಿಮಾ ಬಗ್ಗೆ ಮಾತಾಡಾಕ ಹತ್ತತಾರ.

ಮಾಳಿಗಿ ತಯಾರಿ ಎಲ್ಲಾರಿಗೂ ಗೊತ್ತಿರೋದ. ಎಂಟು ಫೂಟು ಅಗಲದ ದಪ್ಪ ಬಿಳಿ ಬಟ್ಟಿ, ನಾಕೂ ಮೂಲಿ ಎಳೆದು ಕಟ್ರಿ, ಕೆಳಗಿನ ಅಂಚಿಗೆ ಬಿದಿರು ಗಳ ಹೊಲಿದ್ರ ಗಾಳಿಗೆ ಉಬ್ಬೋದಿಲ್ಲ. ಪ್ರೊಜೆಕ್ಟರ್ ಮದುವಿ ವಿಡಿಯೋ ಮಾಡೋರ ಹತ್ರ ಬಾಡಿಗಿಗೆ ಸಿಗ್ತೈತಿ, ಎಂಟು ಫೂಟಿನ ಚಿತ್ರಕ್ಕ ಸಾಮಾನ್ಯ ಪ್ರೊಜೆಕ್ಟರ್ ಹನ್ನೆರಡರಿಂದ ಹದಿನಾರು ಫೂಟು ಹಿಂದ ಇಡಬೇಕಾಗ್ತೈತಿ, ಮಾಳಿಗಿ ಅಷ್ಟು ಉದ್ದ ಐತೋ ಇಲ್ಲೋ ಮೊದಲ ಅಳೀರಿ. ಏಪ್ರಿಲ್ ಮೇದಾಗ ನಮ್ಮ ಕಡಿ ರಾತ್ರಿ ಎಂಟಾದ್ರೂ ಮಾಳಿಗಿ ಕಲ್ಲು ಸುಡ್ತಿರ್ತಾವು, ಆಷಾಢದಾಗ ಗಾಳಿ, ದೀಪಾವಳಿ ಮುಗದ ಮ್ಯಾಲಿಂದ ಶಿವರಾತ್ರಿತನಕ ಚೊಲೋ ಕಾಲ, ಕತ್ತಲಿನೂ ಬೇಗ ಆಗ್ತೈತಿ. ಏಳಕ್ಕ ಶುರು ಮಾಡ್ರಿ. ಬಯಲಾಗ ಮೈಕು ಸ್ಪೀಕರು ರಾತ್ರಿ ಹತ್ತರ ಮ್ಯಾಲೆ ಹಚ್ಚೋ ಹಂಗಿಲ್ಲ ಅಂತ ನಿಯಮ ಐತಿ, ಸಿನಿಮಾ ಉದ್ದ, ನಡುವ ಮಂಡಾಳ ಒಗ್ಗರಣಿ ಮಿರ್ಚಿ ಚಾಕ್ಕ ಒಂದು ಬ್ರೇಕ್ ಬೇಕ ಬೇಕು. ಬ್ರೇಕ್ ಕೊಡೋದು ಗ್ಯಾಸ್ ಮಾಸ್ಕ್ ಸೀನ್ ಮುಗಿದ ಕೂಡ್ಲೆ, ಜೈಲ್ ಸೀನಿನ ಮುಂದ ಹಿಂದ ಅಲ್ಲ. ಕರೆಂಟಿಗೆ ಮಾತ್ರ ಇನ್ವರ್ಟರ್ ಲೈನ್ ಎಳ್ಕೊಂಡ ಇಡ್ರಿ, ಪ್ರೊಜೆಕ್ಟರ್ ಒಮ್ಮೆ ಆಫ್ ಆದ್ರ ತಣ್ಣಗಾಗಿ ಮತ್ತ ಹತ್ತೋತನಕ ಅರ್ಧ ಮಂದಿ ಕೆಳಗ ಇಳದಿರ್ತಾರ.

ಇದು ಸರಿಹೋತು ಅಂದ್ರ ಎಲ್ಲಾರೂ ಕೇಳೋದು ಮುಂದಿಂದು ಯಾವ್ದು ಅಂತ. ನನ್ನ ಪಟ್ಟಿದಾಗ ಇರೋದು 1959ರ ಒಂದು, ಆಂರಿ ವೆರ್ನಾಯ್ ಡೈರೆಕ್ಟರು, ಫೆರ್ನಾಂದೆಲ್ ಹೀರೋ, ಜರ್ಮನಿದಾಗ ಸೆರೆ ಸಿಕ್ಕ ಫ್ರೆಂಚ್ ಸೈನಿಕ ಒಂದು ಆಕಳ ಹಗ್ಗ ಹಿಡ್ಕೊಂಡು, ಇಂವ ಯಾವನೋ ದನ ಹೊಡ್ಕೊಂಡು ಹೋಗಾವ ಅಂತ ನೋಡಿದೋರು ತಿಳೀಲಿ ಅಂತ ಪಾರಾಗಾಕ ನೋಡ್ತಾನ, ಆಕಳ ಹೆಸರು ಮಾರ್ಗರೀತ್. ನಮ್ಮ ಕಡಿ ಮಂದಿಗೆ ಆಕಳ ಅಂದ್ರ ಬ್ಯಾರೆ ಏನೂ ಹೇಳಬೇಕಾಗಿಲ್ಲ. ಆದ್ರ ಅದು ಟಾಕಿ, ಅಲ್ಲಿ ನೀವು ಮೈಕ್ ಹಿಡ್ಕೊಂಡು ಮಾತಾಡಿದ್ರ ಫೆರ್ನಾಂದೆಲ್ ಜೊತಿ ಜಗಳಾಡಿದಂಗ ಆಗ್ತೈತಿ, ಅದಕ್ಕ ಸಬ್‌ಟೈಟಲ್ಲೇ ಗತಿ. ಸಬ್‌ಟೈಟಲ್ ಫೈಲ್ ಸೇವ್ ಮಾಡುವಾಗ ಎನ್‌ಕೋಡಿಂಗ್ ಅನ್ನೋ ಕಡಿ, ಅಂದ್ರ ಅಕ್ಷರ ಉಳಿಸೋ ಮಾದರಿ, ಯುಟಿಎಫ್-8 ಇರ್ಬೇಕು, ವಿಎಲ್‌ಸಿದಾಗ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಆರಿಸ್ರಿ ಇಲ್ಲಾಂದ್ರ ಚೌಕ ಚೌಕ ಡಬ್ಬಿ ಕಾಣ್ತಾವು, ಒಮ್ಮೆಗೆ ಎರಡು ಸಾಲಿಗಿಂತ ಜಾಸ್ತಿ ಹಾಕಬ್ಯಾಡ್ರಿ, ಮಾತು ಮುಂದ ಹಿಂದ ಆದ್ರ ಜಿ ಮತ್ತ ಎಚ್ ಒತ್ತಿ ಸರಿ ಮಾಡ್ರಿ. ಓದಾಕ ಬರಲಾರದವ್ರ ಪಕ್ಕ ಓದಿ ಹೇಳೋರ ಒಬ್ರನ್ನ ಕುಂದ್ರಸ್ರಿ, ಆದ್ರ ಸಣ್ಣ ದನ್ಯಾಗ ಹೇಳೋರನ್ನ.